ಪೊಟ್ಟಣದೊಳಗಿನ ಚಿಕ್ಕ ಬಿಳಿ ಮಾತ್ರೆ

ನಾನು ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಗ್ಗೆ ಲೈನ್ ಮನೆಗಳ ಮುಂದೆ ಚೆಕ್‌ರೋಲ್ (ಹಾಜರಿ ಪುಸ್ತಕ) ಹಿಡಿದು ಹೆಸರು ಕೂಗುವಲ್ಲಿಂದ ಹಿಡಿದು ಸಂಜೆ ಹಣ್ಣು ತೂಗಿ ಕಣಕ್ಕೆ ಹಾಕಿಸುವ ತನಕ ಎಲ್ಲವೂ ನನ್ನ ಉಸ್ತುವಾರಿ. ವಯಸ್ಸು 47. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಾವನ ಮನೆ ಹೋಯಿತು. ಅವರು ನಮ್ಮಲ್ಲಿಗೆ ಬಂದರು, ಅವರ ಹಿಂದೆಯೇ ಸಾಲವೂ ಬಂತು. ಆಗಿನಿಂದ ಮಳೆ ಜೋರಾಗಿ ಸುರಿದ ರಾತ್ರಿ ನನಗೆ ನಿದ್ದೆ ಇಲ್ಲ.

ಇದನ್ನೆಲ್ಲ ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಉಂಟು. 2023ರ ಡಿಸೆಂಬರಿನಲ್ಲಿ ಸುಸ್ತು ಶುರುವಾದಾಗ ನಾನೂ ಮನೆಯವರೂ ಕೊಟ್ಟ ಉತ್ತರ ಒಂದೇ, "ಟೆನ್ಷನ್". ಅಷ್ಟು ಟೆನ್ಷನ್ ಇದ್ದವನಿಗೆ ಸುಸ್ತಾದರೆ ಆಶ್ಚರ್ಯವೇನು? ಮೇಲಿಂದ ಆ ವರ್ಷ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಹಾಗೆ ಏರಿತು. ಬೆಲೆ ಏರಿದ್ದೇ ತಡ, ಕಳ್ಳರ ಭಯ. ಗಿಡದಿಂದಲೂ ಕಣದಿಂದಲೂ ಕಾಫಿ ಹೋಗುತ್ತಿದೆ ಎಂಬ ಸುದ್ದಿ ಕೇಳಿ ಸಾಹುಕಾರ್ರು ನನ್ನನ್ನೇ ರಾತ್ರಿ ಕಾವಲಿಗೂ ಹಾಕಿದರು. ಒಂದು ಟಾರ್ಚು, ಎರಡು ಪಟಾಕಿ (ಅದು ಆನೆಗೆ), ಫ್ಲಾಸ್ಕಿನ ತುಂಬ ಕಾಫಿ.

ಬೆಳಗ್ಗೆ ಏಳುವಾಗಲೇ ಯಾರೋ ರಾತ್ರಿಯೆಲ್ಲ ಹೊಡೆದಂತೆ ಮೈ. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ಹನ್ನೊಂದು ಗಂಟೆಗೆ ಕೈ ನಡುಗಿ ಚೆಕ್‌ರೋಲಿನಲ್ಲಿ ನನ್ನ ಅಕ್ಷರ ನನಗೇ ಓದಲಾಗುತ್ತಿರಲಿಲ್ಲ. ವಿಚಿತ್ರ ಅಂದರೆ ನೋಡಿದವರೆಲ್ಲ "ರೈಟ್ರು ದಪ್ಪ ಆಗಿದ್ದಾರೆ, ಮುಖಕ್ಕೆ ಕಳೆ ಬಂದಿದೆ" ಎನ್ನುತ್ತಿದ್ದರು. ಕೈಕಾಲು ಸಣ್ಣಗಾಗಿ ಮುಖ ಮತ್ತು ಹೊಟ್ಟೆ ಮಾತ್ರ ಊದಿದ್ದನ್ನು ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ.

ಊರಿನಲ್ಲೇ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಸರಿ, ಥೈರಾಯ್ಡ್ ಸರಿ, ಬಿ12 ಸ್ವಲ್ಪ ಕಡಿಮೆ. ಊಟದ ನಂತರದ ಸಕ್ಕರೆ ಗಡಿಯಲ್ಲಿತ್ತು. "ರೆಸ್ಟ್ ತಗೊಳ್ಳಿ" ಎಂದರು. ಕೊಯ್ಲಿನ ಕಾಲದಲ್ಲಿ ರೈಟರಿಗೆ ರೆಸ್ಟು!

ಆಮೇಲೆ ಫೋನು ಹಿಡಿದೆ. ರಾತ್ರಿ ಕಣದ ಗುಡಿಸಲಿನಲ್ಲಿ ಕೂತು ವಿಡಿಯೋ ನೋಡಿ ನೋಡಿ "ಅಡ್ರಿನಲ್ ದಣಿವು" ಎಂಬ ಮಾತು ಕಲಿತೆ. ಮೂತ್ರಪಿಂಡದ ತಲೆಯ ಮೇಲೆ ಟೋಪಿ ಇಟ್ಟಂತೆ ಕೂತ ಎರಡು ಪುಟ್ಟ ಗ್ರಂಥಿಗಳು. ವರ್ಷಗಟ್ಟಲೆ ಒತ್ತಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಸುರಿಸಿ ಸುರಿಸಿ ಕೊನೆಗೆ ಬತ್ತಿ ಹೋಗುತ್ತವಂತೆ. ಹೇಳಿದ ಲಕ್ಷಣ ಒಂದೊಂದೂ ನನ್ನದೇ. 6,800 ರೂಪಾಯಿ ಕಟ್ಟಿ ಎಂಜಲು ಪರೀಕ್ಷೆಯ ಕಿಟ್ ತರಿಸಿದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಹೀಗೆ ನಾಲ್ಕು ಟ್ಯೂಬಿಗೆ ಉಗಿದು ಕಳಿಸಬೇಕು. ವರದಿಯಲ್ಲಿ ದಿನವಿಡೀ ಕಾರ್ಟಿಸಾಲ್ ನೆಲಕ್ಕೆ ತಾಗಿದಂತೆ ಕೆಳಗಿತ್ತು. "ಮೂರನೇ ಹಂತ" ಎಂದು ಕೆಂಪು ಅಕ್ಷರದಲ್ಲಿ ಬರೆದು ಜೊತೆಗೆ ತಿಂಗಳಿಗೆ 4,200 ರೂಪಾಯಿಯ ಪುಡಿಗಳ ಪಟ್ಟಿ ಕೊಟ್ಟಿದ್ದರು.

ಈಗ ಯೋಚಿಸಿದರೆ ಸಿಟ್ಟು ಬರುವುದು ಇಲ್ಲಿಯೇ. ಆ ಅಂಕಿ ಸುಳ್ಳಿರಲಿಲ್ಲ. ಅಷ್ಟು ಕೆಳಗಿನ ಅಂಕಿ ಕಂಡವರು ನನಗೆ ಪುಡಿ ಮಾರುವ ಬದಲು "ಇವತ್ತೇ ಡಾಕ್ಟರ ಹತ್ತಿರ ಹೋಗಿ" ಅನ್ನಬೇಕಿತ್ತು.

ಪುಡಿಯ ಜೊತೆ ಒಂದು ಸಲಹೆಯೂ ಇತ್ತು. ದೇಹ ಶುದ್ಧಿಗೆ ಬೇರೆ ಎಲ್ಲ ಔಷಧಿ ನಿಲ್ಲಿಸಿ. ನಾನು ನಿಲ್ಲಿಸಿದ್ದು ಒಂದೇ ಒಂದು, ಪೊಟ್ಟಣ.

ಪೊಟ್ಟಣದ ವಿಷಯ ಹೇಳಿಯೇ ಇಲ್ಲ ಅಲ್ಲವಾ? ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಅದನ್ನು ನಾನು ಔಷಧಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. 2022ರ ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ ಉಬ್ಬಸ ಏರಿತ್ತು, ಮಂಡಿಯೂ ಹಿಡಿದಿತ್ತು. ಪರಿಚಯದವರು ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ಪೇಪರಿನಲ್ಲಿ ಮಡಚಿ ಕೊಡುತ್ತಿದ್ದುದು ಹೊತ್ತಿಗೆ ಮೂರು: ಒಂದು ಹಳದಿ ಮಾತ್ರೆ, ಒಂದು ಕ್ಯಾಪ್ಸೂಲು, ಒಂದು ಚಿಕ್ಕ ಬಿಳಿ ಮಾತ್ರೆ. ಹೆಸರಿಲ್ಲ, ಚೀಟಿ ಇಲ್ಲ, ವಾರಕ್ಕೆ 150 ರೂಪಾಯಿ. ಎರಡೇ ದಿನಕ್ಕೆ ಉಬ್ಬಸ ಮಾಯ, ಮಂಡಿ ಬೆಣ್ಣೆ. ಹಸಿವೋ ಹಸಿವು. ಹತ್ತೊಂಬತ್ತು ತಿಂಗಳು ನುಂಗಿದೆ.

2024ರ ಮಾರ್ಚ್ ಮೊದಲ ವಾರ ಅದನ್ನು ನಿಲ್ಲಿಸಿದೆ. ಮೂರನೇ ದಿನ ಊಟ ಸೇರಲಿಲ್ಲ. ಐದನೇ ದಿನ ವಾಂತಿ. ಒಂಬತ್ತನೇ ದಿನ ಕಣದಲ್ಲಿ ಚೆರ್ರಿ ಮೂಟೆ ಎಣಿಸುತ್ತಾ ಇದ್ದವನು ಹಾಗೆಯೇ ಕುಸಿದೆ. ಕೆನ್ನೆಗೆ ಕಾದ ಸಿಮೆಂಟು ತಾಗಿದ್ದು, ಒಣ ಚೆರ್ರಿಯ ಹುಳಿ ವಾಸನೆ, ಇಷ್ಟೇ ನೆನಪು. ಸಾಹುಕಾರ್ರ ಜೀಪಿನಲ್ಲಿ ಮಡಿಕೇರಿಗೆ ಸಾಗಿಸಿದರು.

ಆಸ್ಪತ್ರೆಗೆ ಮುಟ್ಟಿದಾಗ ಬಿಪಿ 80ಕ್ಕೆ 50, ಸಕ್ಕರೆ 58, ಸೋಡಿಯಂ 124. ಗ್ಲೂಕೋಸು, ಸಲೈನು ಏರಿಸಿದರು. ಉಬ್ಬಸವೂ ಮರುಕಳಿಸಿದ್ದರಿಂದ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ನಾಲ್ಕು ಗಂಟೆಯಲ್ಲಿ ನಾನು ಎದ್ದು ಕೂತು ಇಡ್ಲಿ ಕೇಳಿದೆನಂತೆ. ಎಲ್ಲರೂ ಸಲೈನಿನ ಮಹಿಮೆ ಎಂದುಕೊಂಡರು. ಒಬ್ಬರಿಗೆ ಮಾತ್ರ ಅನುಮಾನ ಬಂತು. ರಾತ್ರಿ ಡ್ಯೂಟಿಯ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ. ನನ್ನ ತುಟಿ ಕೆಳಗೆಳೆದು ಒಸಡು ನೋಡಿದರು, ಅಂಗೈ ಗೆರೆ ನೋಡಿದರು. "ಎಲೆಅಡಿಕೆ ಹಾಕ್ತೀರಾ? ಒಸಡಿನ ಬಣ್ಣ ಏನೂ ಗೊತ್ತಾಗ್ತಾ ಇಲ್ಲ" ಎಂದು ಬೈದರು. ಗ್ರಂಥಿಯೇ ಹಾಳಾಗುವ ಅಡಿಸನ್ ಕಾಯಿಲೆಯಲ್ಲಿ ಒಸಡು, ಅಂಗೈ ಗೆರೆ ಕಪ್ಪಾಗುತ್ತದಂತೆ. ನಮ್ಮ ದೇಶದಲ್ಲಿ ಅದಕ್ಕೆ ಟಿಬಿ ಒಂದು ದೊಡ್ಡ ಕಾರಣ. ನನ್ನ ಅಂಗೈ ಕಪ್ಪಾಗಿರಲಿಲ್ಲ, ಪೊಟ್ಯಾಸಿಯಂ ಕೂಡ ಸರಿಯಿತ್ತು. ಆಮೇಲೆ ಮುಂಗೈಯ ತೆಳು ಚರ್ಮ, ಅದರ ಮೇಲಿನ ನೀಲಿ ಕಲೆಗಳನ್ನು ಒತ್ತಿ ನೋಡಿ ಕೇಳಿದರು:

"ಎಂತ ಮಾತ್ರೆ ತಗೊಳ್ತಾ ಇದ್ರಿ?"

"ಏನೂ ಇಲ್ಲ ಮೇಡಂ."

ಪಕ್ಕದಲ್ಲಿದ್ದ ಹೆಂಡತಿ ಬಾಯಿ ಬಿಟ್ಟಳು. "ಏನೂ ಇಲ್ಲ ಅಂದ್ರೆ? ಆ ಪೊಟ್ಟಣ ಯಾವುದು ಹಾಗಾದ್ರೆ?"

ಮರುದಿನ ಮನೆಯ ಚಹಾ ಡಬ್ಬಿಯಲ್ಲಿ ಉಳಿದಿದ್ದ ನಾಲ್ಕು ಪೊಟ್ಟಣ ತಂದು ಕೊಟ್ಟಳು. ಡಾಕ್ಟರು ಬಿಳಿ ಮಾತ್ರೆಯನ್ನು ಬೆಳಕಿಗೆ ಹಿಡಿದರು. "ಬರೀ ಕಣ್ಣಲ್ಲಿ ನೋಡಿ ಇದು ಇಂಥದ್ದೇ ಅಂತ ನಾನು ಹೇಳೋಕಾಗಲ್ಲ. ಆದರೆ ನಿಮ್ಮ ಮೈ ಹೇಳ್ತಿದೆ, ಇದು ಸ್ಟೆರಾಯ್ಡ್ ಅಂತ."

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅಡ್ರಿನಲ್ ಗ್ರಂಥಿ ತಾನಾಗಿ ಕೆಲಸ ಮಾಡುವುದಿಲ್ಲ. ಮಿದುಳಿನ ಬುಡದ ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಬಂದು ಕೂಗಬೇಕು, ಆಗ ಇದು ಕಾರ್ಟಿಸಾಲ್ ಕೊಡುತ್ತದೆ. ಹೊರಗಿನಿಂದ ದಿನವೂ ಸ್ಟೆರಾಯ್ಡ್, ಅಂದರೆ ಕಾರ್ಟಿಸಾಲಿನಂಥದೇ ಔಷಧಿ, ಬರುತ್ತಿದ್ದರೆ ಪಿಟ್ಯುಟರಿ "ಬೇಕಾದಷ್ಟು ಉಂಟಲ್ಲ" ಎಂದು ಕೂಗುವುದನ್ನೇ ಬಿಡುತ್ತದೆ. ತಿಂಗಳುಗಟ್ಟಲೆ ಹೆಸರು ಕೂಗದಿದ್ದರೆ ಆಳು ಯಾಕೆ ಕೆಲಸಕ್ಕೆ ಬರುತ್ತಾನೆ? ಗ್ರಂಥಿ ಕುಗ್ಗಿ ಮಲಗಿಬಿಡುತ್ತದೆ. ಆಗ ಹೊರಗಿನದನ್ನು ಒಮ್ಮೆಲೇ ನಿಲ್ಲಿಸಿದರೆ ಒಳಗೂ ಇಲ್ಲ, ಹೊರಗೂ ಇಲ್ಲ. ಇದರಲ್ಲಿ ಪ್ರಾಣವೇ ಹೋಗಬಹುದು. ನನಗೆ ಉಬ್ಬಸಕ್ಕೆಂದು ಕೊಟ್ಟ ಇಂಜೆಕ್ಷನ್ ಕೂಡ ಸ್ಟೆರಾಯ್ಡೇ, ಅದು ನಿಜವಾಗಿ ಕಾಪಾಡಿದ್ದು ಇದರಿಂದ.

"ಹಾಗಾದ್ರೆ ಟೆನ್ಷನ್‌ನಿಂದ ಗ್ರಂಥಿ ಸುಸ್ತಾಗಿದ್ದಲ್ವಾ?" ಎಂದು ಕೇಳಿದೆ. ಒತ್ತಡ ಬಂದಾಗ ಗ್ರಂಥಿ ಕಾರ್ಟಿಸಾಲನ್ನು ಹೆಚ್ಚಿಗೆಯೇ ಕೊಡುತ್ತದೆ, ದಣಿದು ಬತ್ತುವುದಿಲ್ಲ ಎಂದರು. ಆಮೇಲೆ ಹುಡುಕಿ ಓದಿದೆ: ಅಡ್ರಿನಲ್ ದಣಿವು ಎಂಬ ಹೆಸರು ಹುಟ್ಟಿದ್ದೇ 1998ರಲ್ಲಿ, ಅಮೆರಿಕದ ಒಬ್ಬ ಪರ್ಯಾಯ ಚಿಕಿತ್ಸಕರಿಂದ. 2016ರಲ್ಲಿ 58 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದವರು ಅಂಥ ಕಾಯಿಲೆ ಇದೆ ಎನ್ನಲು ಆಧಾರವಿಲ್ಲ ಎಂದು ಬರೆದಿದ್ದಾರೆ. ಸುಸ್ತು ಸುಳ್ಳಲ್ಲ, ಅದಕ್ಕೆ ಅಂಟಿಸಿದ ಹೆಸರು ಸುಳ್ಳು.

ಗ್ರಂಥಿ ಮಲಗಿದೆ ಎಂದು ಖಚಿತಪಡಿಸಿಕೊಳ್ಳುವುದೇ ಒಂದು ಯಾತ್ರೆಯಾಯಿತು. ಹೈಡ್ರೋಕಾರ್ಟಿಸೋನ್ ಮೈಯಲ್ಲಿರುವಾಗ ಕಾರ್ಟಿಸಾಲ್ ಅಳೆದರೆ ಔಷಧಿಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮಾತ್ರೆಗೆ ಇಳಿಸಿದ ಮೇಲೆ, ಹಿಂದಿನ ದಿನದ ಕೊನೆಯ ಡೋಸ್ ಮತ್ತು ಆ ಬೆಳಗಿನ ಡೋಸ್ ಬಿಟ್ಟು, ಎಂಟು ಗಂಟೆಯ ಆಸುಪಾಸಿಗೆ ರಕ್ತ ಕೊಡಬೇಕು. ಬೆಳಗ್ಗೆಯೇ ಕಾರ್ಟಿಸಾಲ್ ಹೆಚ್ಚಿರುವುದು, ಹನ್ನೊಂದಕ್ಕೆ ಕೊಟ್ಟರೆ ಲೆಕ್ಕ ತಪ್ಪುತ್ತದೆ. (ಹೀಗೆ ಡೋಸ್ ಬಿಡುವುದು ಡಾಕ್ಟರು ಹೇಳಿದರೆ ಮಾತ್ರ. ರಕ್ತ ಕೊಟ್ಟ ಕೂಡಲೇ ಮಾತ್ರೆ ನುಂಗಬೇಕು, ಜೇಬಿನಲ್ಲೇ ಇಟ್ಟುಕೊಂಡಿರಿ.) ಊರ ಹತ್ತಿರದ ಒಂದು ಕಲೆಕ್ಷನ್ ಸೆಂಟರಿನಲ್ಲಿ ಕಾರ್ಟಿಸಾಲ್, ಎಸಿಟಿಎಚ್ ಎರಡಕ್ಕೂ ರಕ್ತ ಕೊಟ್ಟೆ. ಎಸಿಟಿಎಚ್ ರಕ್ತವನ್ನು ತಣ್ಣಗಿನ ಟ್ಯೂಬಿಗೆ ತೆಗೆದು ಐಸಿನಲ್ಲೇ ಸಾಗಿಸಬೇಕು. ಅವರು ಬೇರೆ ಸ್ಯಾಂಪಲ್ಲಿನ ಜೊತೆ ಹಾಗೆಯೇ ಬಸ್ಸಿಗೆ ಹಾಕಿದ್ದರು. ನಾಲ್ಕು ದಿನ ಕಾದ ಮೇಲೆ "ಸ್ಯಾಂಪಲ್ ಸರಿಯಿಲ್ಲ" ಎಂಬ ಉತ್ತರ. 1,100 ರೂಪಾಯಿ ನೀರಿಗೆ.

ಆಮೇಲೆ ಮೈಸೂರಿಗೇ ಹೋಗುವುದೆಂದಾಯಿತು. ಹಾರ್ಮೋನು ತಜ್ಞರು, ಅಂದರೆ ಎಂಡೋಕ್ರೈನಾಲಜಿಸ್ಟ್, ನಮಗೆ ಸಿಕ್ಕಿದ್ದೂ ಅಲ್ಲೇ. ಕೊಡಗಿನಿಂದ ಹೋಗುವವರಿಗೆ ಒಂದು ಮಾತು: ಬೆಳಗಿನ ಜಾವ ಹೊರಟು ಎಂಟಕ್ಕೆ ಲ್ಯಾಬು ಮುಟ್ಟುತ್ತೇನೆ ಎಂಬ ಸಾಹಸ ಬೇಡ. ಮಂಜಿನಲ್ಲಿ ಬಸ್ಸು ತಡವಾದರೆ ಇಡೀ ಪರೀಕ್ಷೆ ದಂಡ. ಹಿಂದಿನ ರಾತ್ರಿಯೇ ಹೋಗಿ ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜ್ ಮಾಡಿ. ನಮಗೆ 900 ರೂಪಾಯಿ. ಹೆಂಡತಿಗೆ ಬಸ್ಸು ಫ್ರೀ, ಆಧಾರ್ ತೋರಿಸಿದರೆ ಸಾಕಿತ್ತು. "ನಿಮ್ಮ ಕಾಯಿಲೆಗೆ ನನ್ನ ಟಿಕೆಟ್ ಖರ್ಚಿಲ್ಲ" ಎಂದು ದಾರಿಯುದ್ದಕ್ಕೂ ಚುಚ್ಚಿದಳು.

ಕಾರ್ಟಿಸಾಲ್ 1.8 ಬಂತು (ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ). ಮೂರಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ಪರೀಕ್ಷೆಯೂ ಬೇಡ ಎಂದರು. ಎಸಿಟಿಎಚ್ ಕೂಡ ಕೆಳಗೇ. ಅಂದರೆ ಗ್ರಂಥಿ ಹಾಳಾಗಿಲ್ಲ, ಕೂಗುವವನೇ ಸುಮ್ಮನಿದ್ದಾನೆ. "ಎಬ್ಬಿಸಬಹುದು. ಆದರೆ ಅವಸರ ಮಾಡಬಾರದು, ಆರು ತಿಂಗಳೂ ಆಗಬಹುದು, ವರ್ಷ ದಾಟಲೂಬಹುದು" ಎಂದರು ತಜ್ಞರು. ಎದ್ದ ಕೂಡಲೇ 10 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್, ಮಧ್ಯಾಹ್ನ 5. ಸಂಜೆ ಮೇಲೆ ಇಲ್ಲ, ನಿದ್ದೆ ಕೆಡುತ್ತದೆ. ನನ್ನ ಪ್ರಶ್ನೆ ನಿಮಗೂ ಬಂದಿರಬೇಕು: ಸ್ಟೆರಾಯ್ಡಿನಿಂದ ಕೆಟ್ಟದ್ದಕ್ಕೆ ಮತ್ತೆ ಸ್ಟೆರಾಯ್ಡಾ? ಇದು ಮೈ ದಿನಕ್ಕೆ ತಾನೇ ಮಾಡಿಕೊಳ್ಳುವಷ್ಟೇ ಅಳತೆ, ಸಂಜೆಗೆ ಮುಗಿದು ಹೋಗುತ್ತದೆ, ರಾತ್ರಿ ಖಾಲಿ ಬಿದ್ದಾಗಲೇ ಪಿಟ್ಯುಟರಿಗೆ ಎಚ್ಚರವಾಗುವುದು ಎಂದರು. ಉಬ್ಬಸಕ್ಕೆ ಇನ್‌ಹೇಲರ್ ಬರೆದಾಗಲೂ ಗಲಾಟೆ ಮಾಡಿದೆ, ಅದರಲ್ಲೂ ಸ್ಟೆರಾಯ್ಡ್ ಉಂಟೆಂದು. ಅದು ಮಿಲಿಗ್ರಾಂ ಅಲ್ಲ, ಮೈಕ್ರೋಗ್ರಾಂ, ನೇರ ಶ್ವಾಸಕೋಶಕ್ಕೆ, ಎಳೆದ ಮೇಲೆ ಬಾಯಿ ಮುಕ್ಕಳಿಸಿ ಎಂದು ಸಮಾಧಾನ ಮಾಡಿದರು.

ಈ ಮಾತ್ರೆ ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದಿಲ್ಲ. ಕುಶಾಲನಗರದ ಒಂದು ಮೆಡಿಕಲ್ ಶಾಪಿನಲ್ಲಿ ಮುಂಗಡ ಹೇಳಿ ತರಿಸುತ್ತಿದ್ದೆ, ತಿಂಗಳಿಗೆ ಸುಮಾರು 450 ರೂಪಾಯಿ. ಹದಿನೈದು ದಿನದ್ದು ಕೈಯಲ್ಲಿ ಇರುವಾಗಲೇ ಮುಂದಿನದಕ್ಕೆ ಹೇಳಿ.

ಏಪ್ರಿಲ್, ಮೇ ನನ್ನ ಬಾಳಿನ ಕೆಟ್ಟ ತಿಂಗಳುಗಳು. ಪೊಟ್ಟಣ ಮುಚ್ಚಿಟ್ಟಿದ್ದ ನೋವೆಲ್ಲ ಬಡ್ಡಿ ಸಮೇತ ಬಂತು. ಮಂಡಿ, ಸೊಂಟ, ಬೆರಳ ಗೆಣ್ಣು. ಕಾರಣವಿಲ್ಲದೆ ಅಳು. ಒಂದು ದಿನ ಚಟ್ನಿಗೆ ಉಪ್ಪು ಕಡಿಮೆ ಎಂದು ತಟ್ಟೆ ಎಸೆದೆ, ಆಮೇಲೆ ಸ್ನಾನದ ಮನೆಗೆ ಹೋಗಿ ಅತ್ತೆ. ಪೊಟ್ಟಣದವರ ಮನೆಯ ತಿರುವಿನವರೆಗೆ ನಡೆದು ಹೋಗಿ ವಾಪಸ್ ಬಂದದ್ದೂ ಉಂಟು, ಎರಡು ಸಲ. ಇದು ಬಿಡಿಸಿಕೊಳ್ಳುವಾಗಿನ ಸಂಕಟ, ವಾರಗಳಲ್ಲಿ ಇಳಿಯುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನು ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಆ ಕಡೆಯ ಹೆಂಗಸು ಕಾಯಿಲೆ ಬಿಟ್ಟು ನಿದ್ದೆಯ ಬಗ್ಗೆ ಕೇಳುತ್ತಾ ಹೋದರು. 2018ರ ಮಳೆಯ ರಾತ್ರಿಯ ಮಾತನ್ನು ಆರು ವರ್ಷದಲ್ಲಿ ಮೊದಲ ಸಲ ಪೂರ್ತಿ ಹೇಳಿದ್ದು ಅವರ ಹತ್ತಿರ. ಅದಾದ ಮೇಲೆ ಧೈರ್ಯ ಮಾಡಿ ಸಾಹುಕಾರ್ರಿಗೆ "ರಾತ್ರಿ ಕಾವಲು ಇನ್ನು ಆಗೋದಿಲ್ಲ" ಎಂದೆ. ಅವರು ಒಂದು ವಾರ ಮಾತು ಬಿಟ್ಟರು. ಆಮೇಲೆ ಬೇರೆಯವರನ್ನು ಹಾಕಿದರು. ದಿನಕ್ಕೆ ಎಂಟು ಲೋಟ ಕಾಫಿ ಕುಡಿಯುತ್ತಿದ್ದವನು ಮೂರಕ್ಕೆ ಇಳಿದೆ, ಮಧ್ಯಾಹ್ನ ಎರಡರ ಮೇಲೆ ಇಲ್ಲ. ಕಾಫಿ ತೋಟದಲ್ಲಿ ಇದನ್ನು ಹೇಳಿಕೊಳ್ಳುವುದು ನಾಚಿಕೆಯ ವಿಷಯ.

ಜುಲೈನಲ್ಲಿ ನಿಜವಾದ ಪರೀಕ್ಷೆ ಬಂತು. ಈ ಚಿಕಿತ್ಸೆಯಲ್ಲಿರುವವರು ಬಾಯಿಪಾಠ ಮಾಡಬೇಕಾದ ನಿಯಮ ಒಂದಿದೆ. ಜ್ವರ ಬಂದರೆ ಡೋಸ್ ಎರಡು ಪಟ್ಟು, ಜೋರು ಜ್ವರಕ್ಕೆ ಮೂರು ಪಟ್ಟು, ಇಳಿಯುವ ತನಕ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಆಮೇಲೆ ಆಸ್ಪತ್ರೆ. ತಜ್ಞರು ಒಂದು ವಯಲ್ ಮನೆಯಲ್ಲಿಡಲು ಬರೆದುಕೊಟ್ಟು, ತೊಡೆಗೆ ಚುಚ್ಚುವುದನ್ನು ನರ್ಸಮ್ಮನ ಹತ್ತಿರ ಹೆಂಡತಿಗೆ ಕಲಿಸಿದ್ದರು. ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದ್ದಳು.

ಆ ರಾತ್ರಿ ಜ್ವರದ ಜೊತೆ ವಾಂತಿ. ಮೂರು ದಿನದಿಂದ ಕರೆಂಟಿಲ್ಲ, ಎಸ್ಟೇಟ್ ರಸ್ತೆಗೆ ಮರ ಬಿದ್ದು ಜೀಪು ಹೊರಡುವಂತಿಲ್ಲ. ಮಾವ ಮೊಬೈಲ್ ಟಾರ್ಚ್ ಹಿಡಿದರು. ಅವರ ಕೈ ನಡುಗಿ ಬೆಳಕು ಗೋಡೆಯ ಮೇಲೆಲ್ಲ ಓಡಾಡುತ್ತಿತ್ತು. ಹೆಂಡತಿ ವಯಲಿನೊಳಗಿನ ಬಿಳಿ ಪುಡಿಗೆ ನೀರು ಸೇರಿಸಿ ಅಂಗೈ ನಡುವೆ ಹೊರಳಿಸಿದಳು, ಸಿರಿಂಜಿನ ಗಾಳಿ ತೆಗೆದಳು, ಚುಚ್ಚುವ ಮೊದಲು ಒಂದು ಕ್ಷಣ ನಿಂತಳು. "ಕಿತ್ತಳೆ ಅಂದ್ಕೊಳ್ತೇನೆ ನಿಮ್ಮನ್ನ" ಎಂದಳು. ಅರ್ಧ ಗಂಟೆಯ ಮೇಲೆ ಅಂಗಾಲಿಗೆ ಬಿಸಿ ಬಂತು. ಬೆಳಗ್ಗೆ ಆಳುಗಳು ಮರ ಕಡಿದು ದಾರಿ ಮಾಡಿದ ಮೇಲೆ ಮಡಿಕೇರಿಗೆ ಹೋದೆವು. ಎರಡು ದಿನ ಸಲೈನು. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿನ್ನುವಷ್ಟು ಸುಧಾರಿಸಿದ್ದೆ. ಹದಿನೆಂಟು ಬಗೆ ಔಷಧಿ ಅದರಲ್ಲಿ ಸೇರಿರುತ್ತದೆ ಎನ್ನುತ್ತಾರಲ್ಲ, ಮಾವ ಎರಡನೇ ಸಲವೂ ಬಡಿಸಿದರು.

ಇನ್ನೊಂದು. ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ: "ನನಗೆ ಅಡ್ರಿನಲ್ ಕೊರತೆ ಇದೆ, ತುರ್ತಾದರೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಕೊಡಿ" ಎಂದು. ಡಾಕ್ಟರಿಂದಲೇ ಇಂಗ್ಲಿಷಿನಲ್ಲೂ ಬರೆಸಿ. ನಾನು ಲ್ಯಾಮಿನೇಷನ್ ಮಾಡಿಸಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡಿದ್ದೆ. ಹಲ್ಲು ಕೀಳಿಸುವಾಗಲೂ ಅದನ್ನು ತೋರಿಸಬೇಕು.

ಹುತ್ತರಿ ಕಳೆದು ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ. 7.4. ಐದರಿಂದ ಹತ್ತರ ನಡುವೆ ಬಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಆಗ ಎಸಿಟಿಎಚ್ ಚುಚ್ಚಿ ಗ್ರಂಥಿ ಓಗೊಡುತ್ತದಾ ನೋಡುತ್ತಾರೆ. ಬೇರೆ ದೇಶಗಳಲ್ಲಿ ಬಳಸುವ ಸಿನಾಕ್ಥೆನ್ ನಮ್ಮಲ್ಲಿ ಸುಲಭಕ್ಕೆ ಸಿಗದ ಕಾರಣ ಆಕ್ಟಾನ್ ಪ್ರೊಲಾಂಗೇಟಂ ಎಂಬುದನ್ನು ಬಳಸುತ್ತಾರೆ. ಫ್ರಿಜ್ಜಿನಲ್ಲಿಡುವ ಔಷಧಿ, ಐಸ್ ಪ್ಯಾಕಿನಲ್ಲಿ ಸುತ್ತಿ ಲ್ಯಾಬಿಗೆ ಒಯ್ಯಬೇಕು. ಅದು ಸ್ಟಾಕ್ ಇಲ್ಲವೆಂದು ಒಂದು ಸಲ ಮೈಸೂರಿನಿಂದ ಬರಿಗೈಲಿ ಬಂದೆವು. ಹೋಗುವ ಮೊದಲು ಫೋನು ಮಾಡಿ ಕೇಳಿ. ಎರಡನೇ ಸಲ ಪರೀಕ್ಷೆ ಆಯಿತು, ಬೇಕಾದಷ್ಟು ಏರಲಿಲ್ಲ. ಎದ್ದಿದ್ದಾನೆ, ಕಂಬಳಿ ಬಿಟ್ಟಿಲ್ಲ. ಮಧ್ಯಾಹ್ನದ 5 ನಿಲ್ಲಿಸಿ ಬೆಳಗಿನ 10 ಮಾತ್ರ ಇಟ್ಟರು.

ಖರ್ಚು ಕೇಳುವವರಿಗೆ: ಕಾಯಿಲೆ ಗೊತ್ತಾಗುವ ಮುಂಚಿನ ಎರಡು ಮೂರು ತಿಂಗಳಲ್ಲಿ ಕಿಟ್ಟು, ಪುಡಿ, ಬೇಡದ ಸ್ಕ್ಯಾನು ಎಲ್ಲ ಸೇರಿ 20,000 ಹತ್ತಿರ ಹೋಯಿತು. ನಂತರದ ಇಡೀ ವರ್ಷದ ನಿಜವಾದ ಚಿಕಿತ್ಸೆಗೂ ಸುಮಾರು ಅಷ್ಟೇ.

2025ರ ಮಾರ್ಚಿನಲ್ಲಿ ಕೊನೆಯ ಸಲ ರಕ್ತ ಕೊಟ್ಟು ಬಂದೆ. ಹತ್ತು ದಾಟಿದರೆ ಮಾತ್ರೆ ನಿಲ್ಲಿಸಬಹುದು ಎಂದಿದ್ದರು. ಮರುದಿನ ಕರಿಮೆಣಸು ತೂಗುತ್ತಿದ್ದೆ. ಫೋನು ಸದ್ದು ಮಾಡಿತು: ಕಾರ್ಟಿಸಾಲ್ 12.1. ಅದರ ಕೆಳಗೆ ತಜ್ಞರ ಒಂದು ಸಾಲು, ಮಾತ್ರೆ ನಿಲ್ಲಿಸಿ, ಚೀಟಿ ಇನ್ನೊಂದು ವರ್ಷ ಜೇಬಿನಲ್ಲಿರಲಿ. ಮೂಟೆ ಹಿಡಿದು ನಿಂತಿದ್ದವಳು "ಎಷ್ಟು ಬರ್ಕೊಂಡ್ರಿ ರೈಟ್ರೇ?" ಎಂದಳು. ಪುಸ್ತಕ ನೋಡಿದರೆ ಅವಳ ಮೆಣಸಿನ ಎದುರು 12.1 ಎಂದು ಬರೆದಿದ್ದೆ. ಹೊಡೆದು ಹಾಕಿ ಮತ್ತೆ ತೂಗಿದೆ. 31 ಕಿಲೋ ಇತ್ತು.